ಪಿಟೀಲು ಏಡಿಯ ದೊಡ್ಡ ಕೈ ಮುರಿದರೆ ಮತ್ತೆ ಬರುತ್ತಾ? ಬಂದರೆ ಯಾವ ಕಡೆ?

ಗಜನಿ ಕಟ್ಟು
ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ಕುಮಟಾ ಹತ್ತಿರ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ. ಸಂಜೆ ನೀರು ಇಳಿದ ಹೊತ್ತಿಗೆ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಗಜನಿ ಕಟ್ಟಿನ ಮೇಲೆ, ಅಂದರೆ ಉಪ್ಪುನೀರಿನ ಗದ್ದೆಯ ಒಡ್ಡಿನ ಮೇಲೆ, ಕೂತೆ. ಕೆಳಗಿನ ಕೆಸರಲ್ಲಿ ಪಿಟೀಲು ಏಡಿಗಳು ಇದ್ದವು. ಅದೇ, ಒಂದು ಕೈ ಮಾತ್ರ ಮೈಗಿಂತ ದೊಡ್ಡದಾಗಿರುತ್ತದಲ್ಲ, ಅದು. ನಾವು ಹೋದ ಕೂಡಲೇ ಎಲ್ಲ ಬಿಲ ಸೇರಿದವು. ಹತ್ತು ನಿಮಿಷ ಅಲ್ಲಾಡದೆ ಕೂತ ಮೇಲೆ ಒಂದೊಂದೇ ಹೊರಗೆ ಬಂದು ಕೈ ಬೀಸಲು ಶುರು ಮಾಡಿದವು. ಬೆನ್ನ ಮೇಲೆ ಕಪ್ಪು ಬಿಳಿ ಪಟ್ಟೆ, ಕೈ ಮಾತ್ರ ತಿಳಿ ಗುಲಾಬಿ.

ಅದರಲ್ಲಿ ಒಂದಕ್ಕೆ ದೊಡ್ಡ ಕೈಯೇ ಇಲ್ಲ. ಬಲಗಡೆ ಬುಡದಲ್ಲಿ ಏನೋ ಒಂದು ಗುಬುಟು. ಎಡಗಡೆಯ ಚಿಕ್ಕ ಕೈಯನ್ನೇ ಎತ್ತಿ ಎತ್ತಿ ಇಳಿಸುತ್ತಿತ್ತು. "ಅಪ್ಪಾ, ಪಾಪ, ಇದು ಆ ಚಿಕ್ಕ ಕೈಯಲ್ಲೇ ಟಾಟಾ ಮಾಡ್ತಿದೆ" ಎಂದಳು ಮಗಳು. ಆಮೇಲೆ ಶುರುವಾಯಿತು ಪ್ರಶ್ನೆ. ಮತ್ತೆ ಕೈ ಬರುತ್ತಾ? ಅದೇ ಕಡೆ ಬರುತ್ತಾ, ಇಲ್ಲ ಚಿಕ್ಕದೇ ದೊಡ್ಡದಾಗುತ್ತಾ? ಎಷ್ಟು ದಿನ ಬೇಕು? ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಬಲ್ಲವರು ಹೇಳಿ.

ಮರುವಾಯಿ ಪುಂಡಿ
ಏಡಿ ಕಾಲು ಮತ್ತೆ ಬರುತ್ತದೆ ಮಾರಾಯ್ರೆ, ಅದರಲ್ಲಿ ಅನುಮಾನ ಬೇಡ. ಒಂದು ಕೈ ದಪ್ಪ, ಇನ್ನೊಂದು ಸಪೂರ ಇರುವ ಏಡಿ ನಮ್ಮ ಬುಟ್ಟಿಗೆ ಎಷ್ಟು ಸಲ ಬಂದಿಲ್ಲ. ಆದರೆ ನೀವು ಹೇಳುವ ಆ ಪುಟ್ಟ ಏಡಿ ತಿನ್ನುವಂಥದ್ದಲ್ಲ. ನಾವು ಹುಡುಗರಿದ್ದಾಗ ಅದರ ಹಿಂದೆ ಸುಮ್ನೆ ಓಡುತ್ತಿದ್ದೆವು ಅಷ್ಟೇ.

ಹಳೇ ಮೇಷ್ಟ್ರು
ಮಗಳಿಗೆ ಹೀಗೆ ಹೇಳಿ. ದೊಡ್ಡ ಕೈ ಕಳೆದುಹೋದರೆ ಎದುರಿನ ಚಿಕ್ಕ ಕೈ ಬೆಳೆದು ದೊಡ್ಡದಾಗುತ್ತದೆ. ಮುರಿದ ಜಾಗದಲ್ಲಿ ಹೊಸದಾಗಿ ಚಿಕ್ಕ ಕೈ ಬರುತ್ತದೆ. ಬಲಗೈಯವನು ಎಡಗೈಯವನಾಗುತ್ತಾನೆ. 30 ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ್ದೇನೆ, ಪುಸ್ತಕದಲ್ಲೇ ಇತ್ತು.

ಅರ್ಧ ಲೀಟರ್
ಅಬ್ಬಾ. ಅಂದ್ರೆ ಸ್ಟೆಪ್ನಿ ಇಟ್ಟುಕೊಂಡೇ ಓಡಾಡುತ್ತೆ ಅನ್ನಿ.

ಕೆಸರು ಕಾಲು
ಮೇಷ್ಟ್ರೇ, ಕ್ಷಮಿಸಿ, ಇದನ್ನು ಒಪ್ಪುವುದು ಕಷ್ಟ. ಎಂಎಸ್‌ಸಿಯಲ್ಲಿ ನನ್ನ ಪ್ರಾಜೆಕ್ಟ್ ಇದೇ ಏಡಿಗಳ ಮೇಲೆ ಇತ್ತು. ಕಾರವಾರದ ಕಾಳಿ ಹೊಳೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಲ್ಲಿ ಎರಡು ಬೇಸಿಗೆ ಮೊಣಕಾಲುದ್ದ ಕೆಸರಲ್ಲಿ ನಿಂತು ಎಣಿಸಿದ್ದೇನೆ.

ಬೆಳೆದ ಗಂಡು ಪಿಟೀಲು ಏಡಿಯಲ್ಲಿ ದೊಡ್ಡ ಕೈ ಬಿದ್ದರೆ ಮತ್ತೆ ದೊಡ್ಡ ಕೈ ಬರುವುದು ಅದೇ ಜಾಗದಲ್ಲಿ. ಬಲಗೈಯವನು ಬಲಗೈಯವನಾಗಿಯೇ ಉಳಿಯುತ್ತಾನೆ. ನೀವು ಹೇಳಿದ ಅದಲುಬದಲು ಆಗುವುದು ಬೇರೊಂದು ಪ್ರಾಣಿಯಲ್ಲಿ. ಚಿಟಿಕೆ ಹೊಡೆದ ಹಾಗೆ ಟಪ್ ಅಂತ ಸದ್ದು ಮಾಡುವ ಒಂದು ಸಿಗಡಿ ಇದೆ, ಆಲ್ಫಿಯಸ್ ಅಂತ. ಅದರ ದೊಡ್ಡ ಕೈ ಹೋದರೆ ಚಿಕ್ಕದು ಬೆಳೆದು ಚಿಟಿಕೆ ಹೊಡೆಯುವ ಕೈ ಆಗುತ್ತದೆ, ಹಳೇ ಜಾಗದಲ್ಲಿ ಚಿಕ್ಕದು ಹುಟ್ಟುತ್ತದೆ. ಇ. ಬಿ. ವಿಲ್ಸನ್ 1903ರಲ್ಲೇ ಇದರ ಬಗ್ಗೆ ಬರೆದಿದ್ದರು. ಯಾರೋ ಸಿಗಡಿಯ ಕತೆಯನ್ನು ಏಡಿಗೆ ಅಂಟಿಸಿದ್ದಾರೆ, ಅದೇ ಪುಸ್ತಕದಿಂದ ಪುಸ್ತಕಕ್ಕೆ ಹೋಗಿದೆ.

ಗಜನಿ ಕಟ್ಟು ಅವರೇ, ಇನ್ನೊಂದು ವಿಷಯ. ಆ ಏಡಿ ಟಾಟಾ ಮಾಡುತ್ತಿರಲಿಲ್ಲ, ಊಟ ಮಾಡುತ್ತಿತ್ತು! ಚಿಕ್ಕ ಕೈ ಅದರ ಚಮಚ. ಕೆಸರು ಎತ್ತಿ ಬಾಯಿಗೆ ಹಾಕಿಕೊಂಡು, ಅದರಲ್ಲಿರುವ ಪಾಚಿ ಗೀಚಿ ಸೋಸಿ ತಿಂದು, ಉಳಿದ ಕೆಸರನ್ನು ಉಂಡೆ ಮಾಡಿ ಉದುರಿಸುತ್ತದೆ. ಬಿಲದ ಸುತ್ತ ಸಾಸಿವೆ ಸುರಿದ ಹಾಗೆ ಸಣ್ಣ ಉಂಡೆ ಕಾಣಲಿಲ್ವಾ? ಹೆಣ್ಣಿಗೆ ಇಂಥ ಚಮಚ ಎರಡು. ಗಂಡಿಗೆ ಒಂದೇ. ದೊಡ್ಡ ಕೈ ತುತ್ತೆತ್ತಲು ಯಾವ ಉಪಯೋಗಕ್ಕೂ ಬರುವುದಿಲ್ಲ.

ಗಜನಿ ಕಟ್ಟು
ಕಂಡಿತು, ಉಂಡೆ ಕಂಡಿತು! ನಾನು ಅದನ್ನು ಬಿಲ ತೋಡಿದ ಮಣ್ಣು ಅಂದುಕೊಂಡಿದ್ದೆ.

ಕೆಸರು ಕಾಲು
ಬಿಲ ತೋಡಿದ ಮಣ್ಣಿನ ಉಂಡೆ ಬೇರೆ, ಅದು ದೊಡ್ಡದಿರುತ್ತದೆ. ಒಂದೇ ಕಡೆ ರಾಶಿ ಬೀಳುತ್ತದೆ.

ಹಳೇ ಮೇಷ್ಟ್ರು
ತಾಯೇ, ನೀನು ಹೇಳುವುದು ಸರಿ ಇರಬಹುದು. ಆದರೆ ನಾನು ಓದಿದ್ದು ಪೂರ್ತಿ ಕಟ್ಟುಕತೆ ಅಂತ ಒಪ್ಪಲು ಮನಸ್ಸು ಬರುತ್ತಿಲ್ಲ. ಥಾಮಸ್ ಹಂಟ್ ಮಾರ್ಗನ್, ಹಣ್ಣಿನ ನೊಣದ ಕೆಲಸಕ್ಕೆ 1933ರಲ್ಲಿ ನೊಬೆಲ್ ಪಡೆದವರು, ಅವರೂ ಈ ಏಡಿಯ ಎಡಗೈ ಬಲಗೈ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದರು. 1923ರಲ್ಲಿ ಅದರ ಮೇಲೇ ಬರೆದರು. ಹಾಗಾದರೆ ಕೈಗೂ ಕಡೆಗೂ ಏನೋ ಸಂಬಂಧ ಇರಲೇಬೇಕು.

ಕೆಸರು ಕಾಲು
ಇದೆ ಮೇಷ್ಟ್ರೇ, ಸಂಬಂಧ ಇದೆ. ಆದರೆ ಅದು ಮರಿಯಾಗಿದ್ದಾಗ. ಜಪಾನಿನಲ್ಲಿ ಯಾಮಾಗುಚಿ ಎಂಬವರು 1977ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿಟ್ಟರು. ಎಳೆ ಗಂಡಿಗೆ ಮೊದಲು ಎರಡೂ ಕೈ ಒಂದೇ ತರ ಇರುತ್ತವೆ. ಯಾವುದೋ ಒಂದು ಉದುರುತ್ತದೆ. ಉದುರಿದ ಜಾಗದಲ್ಲಿ ಬರುವುದು ಚಿಕ್ಕ ಕೈ, ಉಳಿದದ್ದು ದೊಡ್ಡದಾಗುತ್ತಾ ಹೋಗುತ್ತದೆ. ಅಲ್ಲಿಗೆ ಎಡವೋ ಬಲವೋ ತೀರ್ಮಾನ ಆಯಿತು. ಒಮ್ಮೆ ತೀರ್ಮಾನ ಆದ ಮೇಲೆ ಎಷ್ಟು ಸಲ ಮುರಿದರೂ ಬದಲಾಗುವುದಿಲ್ಲ. ನಿಮ್ಮ ಪಾಠ ಮರಿಗೆ ಸರಿ, ಅಪ್ಪನಿಗೆ ತಪ್ಪು.

ಹಳೇ ಮೇಷ್ಟ್ರು
ಆಯ್ತು, ಒಪ್ಪಿದೆ. ಹಳೇ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿ ಹೇಳಬೇಕು ಈಗ.

ಉಪ್ಪುನೀರು
ಕುಂದಾಪುರದ ಹತ್ತಿರ ನಾನು ನೋಡಿದ ಏಡಿಗಳು ಹೆಚ್ಚುಕಮ್ಮಿ ಎಲ್ಲವೂ ಬಲಗೈಯವು. ಕೈಯ ಕೆಳಭಾಗ ಕಿತ್ತಳೆ ಬಣ್ಣ. ಎಡ ಬಲ ಅದೃಷ್ಟಕ್ಕೆ ಬಿಟ್ಟದ್ದಾದರೆ ಅರ್ಧಕ್ಕರ್ಧ ಇರಬೇಕಿತ್ತಲ್ಲ?

ಕೆಸರು ಕಾಲು
ಒಳ್ಳೇ ಕಣ್ಣು ನಿಮ್ಮದು. ಅದು ಬೇರೆ ಗುಂಪು, ಜೆಲಾಸಿಮಸ್. ಆ ಗುಂಪಿನಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಬಲಗೈಯವೇ. ಉಳಿದ ಬಹುತೇಕ ಜಾತಿಗಳಲ್ಲಿ ಅರ್ಧಕ್ಕರ್ಧ. ಗಜನಿ ಕಟ್ಟು ಅವರು ಹೇಳಿದ ಪಟ್ಟೆ ಬೆನ್ನಿನದು ಆಸ್ಟ್ರುಕಾ ಆನ್ಯುಲಿಪಿಸ್ ಇರಬೇಕು. ಹಳೇ ಪುಸ್ತಕಗಳಲ್ಲಿ ಎಲ್ಲವನ್ನೂ ಉಕಾ ಅಂತಲೇ ಬರೆದಿರುತ್ತಾರೆ. 2016ರಲ್ಲಿ ಆ ಒಂದು ಮನೆಯನ್ನು ಹನ್ನೊಂದು ಪಾಲು ಮಾಡಿದರು. ನನ್ನ ಪ್ರಾಜೆಕ್ಟ್ ಪುಸ್ತಕದ ಹೆಸರುಗಳೆಲ್ಲ ಹಳತಾಗಿಬಿಟ್ಟವು.

ಲೆಕ್ಕದ ಪುಸ್ತಕ
ಪಾಲು ಆದಾಗ ಕೈ ಬೀಸಿ ಜಗಳ ಆಗಲಿಲ್ವಾ?

ಗಜನಿ ಕಟ್ಟು
ಆ ಗುಬುಟು ಏನು ಅಂತ ಯಾರೂ ಹೇಳಲಿಲ್ಲ. ಮತ್ತೆ ಎಷ್ಟು ದಿನ ಬೇಕು? ಮಗಳು ದಿನಾ ಕೇಳುತ್ತಿದ್ದಾಳೆ.

ಕೆಸರು ಕಾಲು
ಗುಬುಟು ಅಂದರೆ ಕೈಯ ಮೊಗ್ಗು. ಪೂರ್ತಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಏಡಿಯ ಕೈ ಎಲ್ಲೆಂದರಲ್ಲಿ ಮುರಿಯುವುದಿಲ್ಲ. ಬುಡದ ಹತ್ತಿರ ಮೊದಲೇ ಗೆರೆ ಹಾಕಿಟ್ಟ ಹಾಗೆ ಒಂದು ಜಾಗ ಇದೆ. ಹಕ್ಕಿಯೋ ಇನ್ನೊಂದು ಏಡಿಯೋ ಕೈ ಹಿಡಿದುಕೊಂಡರೆ, ಏಡಿ ತಾನೇ ಅಲ್ಲಿನ ಸ್ನಾಯು ಬಿಗಿದು ಕೈಯನ್ನು ಕಳಚಿಬಿಡುತ್ತದೆ. ಹಲ್ಲಿ ಬಾಲ ಬಿಟ್ಟ ಹಾಗೆ. ಆ ಗೆರೆಯ ಒಳಗೆ ಒಂದು ತೆಳು ಪರದೆ ಇರುತ್ತದೆ. ಕೈ ಹೋದ ಕೂಡಲೇ ಅದು ಮುಚ್ಚಿಕೊಳ್ಳುತ್ತದೆ, ರಕ್ತ ಜಾಸ್ತಿ ಹೋಗುವುದಿಲ್ಲ.

ಆಮೇಲೆ ಅಲ್ಲೇ ಮೊಗ್ಗು ಮೂಡುತ್ತದೆ. ತೆಳು ಚೀಲದೊಳಗೆ ಇಡೀ ಹೊಸ ಕೈ ಮಡಿಸಿಕೊಂಡು ಬೆಳೆಯುತ್ತದೆ. ಬಾಳೆಯ ಸುಳಿ ಎಲೆ ಸುರುಳಿ ಸುತ್ತಿಕೊಂಡು ಬರುವುದಿಲ್ವಾ, ಹಾಗೆ. ಏಡಿ ಪೊರೆ ಬಿಡುವವರೆಗೆ ಮೊಗ್ಗು ಮೊಗ್ಗಾಗಿಯೇ ಇರುತ್ತದೆ. ಪೊರೆ ಬಿಟ್ಟ ಹೊತ್ತಲ್ಲಿ ಮೈ ಮೆತ್ತಗಿರುತ್ತದೆ, ಏಡಿ ನೀರು ತುಂಬಿಕೊಂಡು ಉಬ್ಬುತ್ತದೆ. ಆಗ ಮಡಿಸಿದ ಕೈ ಬಿಚ್ಚಿಕೊಳ್ಳುತ್ತದೆ.

ಹಾಗಾಗಿ ಎಷ್ಟು ದಿನ ಅಂತ ಒಂದೇ ಲೆಕ್ಕ ಇಲ್ಲ. ಅದು ಪೊರೆಯ ಲೆಕ್ಕ. ಮರಿಗಳು ಬೇಗ ಬೇಗ ಪೊರೆ ಬಿಡುತ್ತವೆ, ವಯಸ್ಸಾದವು ಅಪರೂಪಕ್ಕೆ. ಮೊದಲ ಸಲ ಬಿಚ್ಚಿಕೊಂಡ ಕೈ ಚಿಕ್ಕದೇ ಇರುತ್ತದೆ. ಮತ್ತೆ ಮತ್ತೆ ಪೊರೆ ಬಿಟ್ಟು ಹಳೇ ಅಳತೆಗೆ ಬರಬೇಕು. ಇನ್ನೊಂದು ಮಜಾ ಇದೆ. ಒಂದು ಜಾತಿಯ ನೆಲದ ಏಡಿಯಲ್ಲಿ ಒಂದೇ ಸಲ ತುಂಬಾ ಕಾಲು ಹೋದರೆ ಅದು ಹೊತ್ತಿಗೆ ಮೊದಲೇ ಪೊರೆ ಬಿಟ್ಟದ್ದನ್ನು ನೋಡಿದ್ದಾರೆ. ಕಾಲಿಲ್ಲದೆ ಕಾಯುವುದಕ್ಕಿಂತ ಬೇಗ ಮುಗಿಸಿಬಿಡೋಣ ಅಂತ.

ಮರುವಾಯಿ ಪುಂಡಿ
ಪೊರೆ ಬಿಟ್ಟ ಏಡಿ ತಂದರೆ ಸಾರೆಲ್ಲ ನೀರು. ಅದಕ್ಕೇ ಅಜ್ಜಿ ಹೇಳುತ್ತಿದ್ದದ್ದು, ಹುಣ್ಣಿಮೆ ಏಡಿ ಟೊಳ್ಳು, ಅಮಾವಾಸ್ಯೆ ಏಡಿ ಗಟ್ಟಿ ಅಂತ. ತರುವ ಮೊದಲು ಹೊಟ್ಟೆ ಒತ್ತಿ ನೋಡಬೇಕು, ಒಳಗೆ ಹೋದರೆ ಬೇಡ.

ಸೊಪ್ಪು ಸಾರು
ಇದು ಅಡುಗೆ ವಿಭಾಗ ಅಲ್ಲ ಅಲ್ವಾ?

ಮರುವಾಯಿ ಪುಂಡಿ
ವಿಜ್ಞಾನವೇ ಹೇಳಿದ್ದು ನಾನು. ಒತ್ತಿ ನೋಡುವುದು ಪ್ರಯೋಗ.

ಉಪ್ಪುನೀರು
ಹುಣ್ಣಿಮೆ ಅಮಾವಾಸ್ಯೆ ಮಾತು ನಮ್ಮ ಕಡೆಯೂ ಇದೆ. ನಿಜವಾ ಕೆಸರು ಕಾಲು ಅಕ್ಕಾ?

ಕೆಸರು ಕಾಲು
ಪೊರೆ ಬಿಟ್ಟ ಏಡಿ ಟೊಳ್ಳು ಅನ್ನುವುದು ನಿಜ. ಚಿಪ್ಪು ದೊಡ್ಡದಾಗಿರುತ್ತದೆ, ಮಾಂಸ ಇನ್ನೂ ತುಂಬಿರುವುದಿಲ್ಲ, ನೀರಿರುತ್ತದೆ. ಚಂದ್ರನ ಮಾತು ಏಡಿಯಿಂದ ಏಡಿಗೆ ಬೇರೆ. ಪಿಟೀಲು ಏಡಿಯ ಹೆಣ್ಣು ಮರಿ ಬಿಡುವುದು ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತ ನೋಡಿಕೊಂಡೇ. ಬಲೆ ಹಾಕುವವರ ಮಾತನ್ನು ನಾನಂತೂ ಸುಲಭಕ್ಕೆ ತಳ್ಳಿಹಾಕುವುದಿಲ್ಲ.

ಡಾರ್ವಿನ್ ಡೈರಿ
ತಡವಾಗಿ ಬಂದೆ. ನಾನು ಶಿರಸಿಯವಳು, ಈಗ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ನರ್ಸ್. ಇಲ್ಲಿ ಊರಂಚಿನಲ್ಲೇ ಈಸ್ಟ್ ಪಾಯಿಂಟ್ ಅಂತ ಇದೆ, ಪಕ್ಕದಲ್ಲೇ ಕಾಂಡ್ಲಾ. ಇಲ್ಲಿನ ಭರತ ಇಳಿತದ ಅಂತರ ಎಂಟು ಮೀಟರ್ ಹತ್ತಿರ ಹೋಗುತ್ತದೆ. ನೀರು ಇಳಿದರೆ ಬಯಲೋ ಬಯಲು. ಅಲ್ಲಿ ಬಾಳೆಹಣ್ಣಿನ ಬಣ್ಣದ ಕೈಯಿರುವ ಪುಟ್ಟ ಪಿಟೀಲು ಏಡಿ ಇದೆ, ಮ್ಯೋಬರ್ಗಿ ಅಂತ ಹೆಸರು. ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ.

ಒಂದು ಸಲ ಅಲ್ಲಿ ವಾಕಿಂಗ್ ಹೋದಾಗ ಕೆಸರಲ್ಲಿ ಛತ್ರಿ ಹಿಡಿದು, ಮಣೆ ಮೇಲೆ ಕೂತಿದ್ದ ಹುಡುಗಿಯನ್ನು ಕಂಡೆ. ಅವಳ ಮುಂದೆ ಸಣ್ಣ ಮೋಟಾರಿಗೆ ಕಟ್ಟಿದ ಏಡಿ ಕೈ ಒಂದು ತಾನಾಗಿಯೇ ಬೀಸುತ್ತಿತ್ತು! ಹೆಣ್ಣು ಏಡಿ ಯಾವ ಕೈಯ ಕಡೆ ಹೋಗುತ್ತದೆ ಅಂತ ನೋಡುವ ಪರೀಕ್ಷೆಯಂತೆ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಪೆಟ್ರಿಷಿಯಾ ಬ್ಯಾಕ್‌ವೆಲ್ ಅವರ ತಂಡ ವರ್ಷಗಟ್ಟಲೆ ಇಲ್ಲಿ ಇಂಥ ಕೆಲಸ ಮಾಡಿದೆ. ಅವರದ್ದೇ ಒಂದು ಹಳೇ ಲೇಖನ ಇದೆ, 2000ದ್ದು. ಅದರಲ್ಲಿ ಗಜನಿ ಕಟ್ಟು ಅವರ ಪಟ್ಟೆ ಬೆನ್ನಿನ ಏಡಿಯದ್ದೇ ಕತೆ. ಮತ್ತೆ ಬೆಳೆದ ಕೈ ನೋಡಲು ಹಳೇ ಕೈಯಷ್ಟೇ ಉದ್ದ, ಆದರೆ ಹಗುರ, ತೆಳು, ಒಳಗಿನ ಹಲ್ಲುಗಳು ಇಲ್ಲ. ಒಂದೊಂದು ಕಡೆ ನೂರಕ್ಕೆ 44ರವರೆಗೂ ಗಂಡುಗಳು ಇಂಥ ಕೈಯವೇ ಇದ್ದವಂತೆ. ಹೆಣ್ಣುಗಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವರು ಅದನ್ನು ಕರೆದದ್ದೇ ಮೋಸದ ಸಂಕೇತ ಅಂತ.

ಅರ್ಧ ಲೀಟರ್
ಡಮ್ಮಿ ಪೀಸ್!

ಲೆಕ್ಕದ ಪುಸ್ತಕ
ಇದು ನನಗೆ ಸರಿಬರಲಿಲ್ಲ. ಪಾಪದ ಏಡಿ, ಕೈ ಕಳೆದುಕೊಂಡು ಕಷ್ಟಪಟ್ಟು ಬೆಳೆಸಿಕೊಂಡಿದೆ. ಅದನ್ನು ಮೋಸ ಅನ್ನುವುದಾ? ಮೋಸ ಅಂದರೆ ಗೊತ್ತಿದ್ದು ಮಾಡುವುದು. ಅದೂ ಅಲ್ಲದೆ, ಕೈ ಅಷ್ಟು ದಂಡ ಅಂತಾದರೆ ಬೇರೆ ಗಂಡುಗಳು ಒಂದೇ ದಿನದಲ್ಲಿ ಕಂಡುಹಿಡಿದು ಓಡಿಸಬೇಕಿತ್ತು. ನೂರಕ್ಕೆ 44 ಹೇಗೆ ಉಳಿಯುತ್ತವೆ?

ಡಾರ್ವಿನ್ ಡೈರಿ
ಮದುವೆ ಮನೆಯಲ್ಲಿ ಒಂದು ಗ್ರಾಂ ಚಿನ್ನದ ಸರ ಹಾಕಿಕೊಂಡು ಹೋದರೆ ಯಾರಾದರೂ ಉಜ್ಜಿ ನೋಡುತ್ತಾರಾ? ಗಿರವಿ ಅಂಗಡಿಗೆ ಹೋದರೆ ಮಾತ್ರ ತಾನೆ ಬಣ್ಣ ಬಯಲಾಗುವುದು. ಇದೂ ಹಾಗೇ. ಕೈ ನಿಜವೋ ಅಲ್ಲವೋ ಗೊತ್ತಾಗಲು ಕೈಗೆ ಕೈ ಹಾಕಿ ಜಗ್ಗಾಡಬೇಕು. ಜಗ್ಗಾಡಿದರೆ ತನ್ನ ಕೈಗೂ ಅಪಾಯ. ಹೆಚ್ಚಿನ ಜಗಳಗಳು ಬೀಸುವುದರಲ್ಲಿ, ಅಳತೆ ನೋಡಿಕೊಳ್ಳುವುದರಲ್ಲಿ ಮುಗಿದುಹೋಗುತ್ತವೆ.

ಲೆಕ್ಕದ ಪುಸ್ತಕ
ಒಂದು ಗ್ರಾಂ ಚಿನ್ನ ಹಾಕುವವರನ್ನು ನಾವು ಮೋಸಗಾರರು ಅನ್ನುತ್ತೇವಾ? ಇಲ್ವಲ್ಲ. ನನ್ನ ವಾದ ಅದೇ.

ಡಾರ್ವಿನ್ ಡೈರಿ
ಹೆಣ್ಣು ನೋಡಲು ಬಂದಾಗ ಅಸಲಿ ಅಂತ ಹೇಳಿದರೆ ಅನ್ನುತ್ತೇವೆ.

ಕೆಸರು ಕಾಲು
ಇಬ್ಬರೂ ಸರಿ. ಏಡಿಗೆ ಮನಸ್ಸಿನಲ್ಲಿ ಏನೂ ಇರಬೇಕಾಗಿಲ್ಲ. ಉದ್ದದ ಕೈ ಅಂದರೆ ಬಲ ಅಂತ ನೋಡುವವರು ಓದಿಕೊಳ್ಳುತ್ತಾರೆ, ಇಲ್ಲಿ ಉದ್ದ ಇದೆ ಬಲ ಇಲ್ಲ. ಅಷ್ಟಕ್ಕೆ ಆ ಹೆಸರು ಇಟ್ಟರು. ನನಗೂ ಆ ಪದ ಅಷ್ಟು ಇಷ್ಟವಿಲ್ಲ.

ಬಲ ಯಾಕೆ ಕಡಿಮೆ ಅಂತ ಕೇಳಿ. ಅಡಿಕೆ ಕತ್ತರಿಸುವ ಅಡಕತ್ತರಿ ನೋಡಿ. ಅಲಗು ಗಿಡ್ಡ, ಅಡಿಕೆಯನ್ನು ಕೀಲಿನ ಹತ್ತಿರ ಇಡುತ್ತೇವೆ, ಕಟ್ ಅಂತ ತುಂಡಾಗುತ್ತದೆ. ಅದೇ ಅಡಿಕೆಯನ್ನು ಒಲೆ ಮುಂದಿನ ಉದ್ದ ಇಕ್ಕಳದ ತುದಿಯಲ್ಲಿ ಹಿಡಿದು ಒತ್ತಿ, ಏನೂ ಆಗುವುದಿಲ್ಲ. ಏಡಿಯ ಅಸಲಿ ಕೈಯಲ್ಲಿ ಅಂಗೈ ದಪ್ಪ, ಬೆರಳು ಗಿಡ್ಡ. ಸ್ನಾಯು ಇರುವುದು ಅಂಗೈಯಲ್ಲಿ. ಮತ್ತೆ ಬೆಳೆದ ಕೈಯಲ್ಲಿ ಅಂಗೈ ಸಣ್ಣ, ಬೆರಳು ಉದ್ದ. ಸ್ನಾಯುವೂ ಕಡಿಮೆ, ಒತ್ತುವ ಲೆಕ್ಕವೂ ನಷ್ಟ. ಮೇಲಿಂದ ಹಲ್ಲಿಲ್ಲ, ಎದುರಾಳಿಯ ಕೈಗೆ ಹಿಡಿತ ಸಿಗುವುದಿಲ್ಲ, ಜಾರುತ್ತದೆ.

2009ರಲ್ಲಿ ಡಾರ್ವಿನ್ ಅಕ್ಕನ ಊರಿನ ಬಾಳೆಹಣ್ಣು ಏಡಿಗಳಲ್ಲೇ ಇದನ್ನು ಅಳೆದರು. ಅಸಲಿ ಕೈಯಲ್ಲಿ ಅಳತೆ ನೋಡಿ ಬಲ ಅಂದಾಜು ಮಾಡಬಹುದಿತ್ತು. ಮತ್ತೆ ಬೆಳೆದ ಕೈಯಲ್ಲಿ ಆ ಅಂದಾಜು ಕೆಲಸ ಮಾಡಲಿಲ್ಲ. ಹಾಗಂತ ಎಲ್ಲ ಜಾತಿಯಲ್ಲೂ ಹೀಗೇ ಅನ್ನಬೇಡಿ. ಪಿಟೀಲು ಏಡಿ ಜಾತಿಗಳೇ ನೂರಕ್ಕೂ ಜಾಸ್ತಿ ಇವೆ.

ಹಳೇ ಮೇಷ್ಟ್ರು
ಅಡಕತ್ತರಿ ಉದಾಹರಣೆ ಚೆನ್ನಾಗಿದೆ. ನಾನು ತರಗತಿಯಲ್ಲಿ ಸನ್ನೆಕೋಲು ಪಾಠಕ್ಕೆ ಅದನ್ನೇ ತರುತ್ತಿದ್ದೆ.

ಉಪ್ಪುನೀರು
ಯಕ್ಷಗಾನದ ಭೀಮನ ಗದೆ ನೆನಪಾಯಿತು. ದೂರದಿಂದ ಎದೆ ನಡುಗುತ್ತದೆ. ಚೌಕಿಗೆ ಹೋಗಿ ಎತ್ತಿ ನೋಡಿದರೆ ಒಂದು ಸೌದೆಯಷ್ಟೂ ಭಾರ ಇಲ್ಲ.

ಲೆಕ್ಕದ ಪುಸ್ತಕ
ಹಾಗಾದರೆ ಹಗುರ ಕೈ ಲಾಭವೂ ಹೌದಲ್ಲ? ದೊಡ್ಡ ಕೈ ಎಷ್ಟು ತೂಕ ಇರುತ್ತದೆ?

ಕೆಸರು ಕಾಲು
ಕೆಲವು ಜಾತಿಗಳಲ್ಲಿ ಮೈತೂಕದ ಅರ್ಧದ ಹತ್ತಿರ ಹೋಗುತ್ತದೆ. 60 ಕಿಲೋ ಮನುಷ್ಯ ಒಂದು ಕೈಯಲ್ಲಿ ಅಕ್ಕಿ ಚೀಲ ಹೊತ್ತು ದಿನವಿಡೀ ಬೀಸಿದ ಹಾಗೆ. ಅದನ್ನು ಹೊತ್ತು ತಿರುಗಲು, ಬೀಸಲು ಶಕ್ತಿ ಖರ್ಚಾಗುತ್ತದೆ. ತಿನ್ನಲು ಒಂದೇ ಚಮಚ ಬೇರೆ. ಹಾಗಾಗಿ ಹಗುರ ಕೈ ಅಗ್ಗ, ಅದು ನಿಜ. ಆದರೆ ಬಿಲಕ್ಕಾಗಿ ಜಗಳ ಬಂದ ದಿನ ದುಬಾರಿ.

ಡಾರ್ವಿನ್ ಡೈರಿ
ಬಿಲದ ಜಗಳ ಅಂದಿರಿ, ಇದನ್ನು ಹೇಳಲೇಬೇಕು. ಇಲ್ಲಿನ ಏಡಿಗಳಲ್ಲಿ ಒಬ್ಬ ಚಿಕ್ಕವನ ಬಿಲಕ್ಕೆ ಹೊರಗಿನವನು ಬಂದರೆ ಪಕ್ಕದ ಮನೆಯ ದೊಡ್ಡವನು ತನ್ನ ಬಿಲ ಬಿಟ್ಟು ಬಂದು ಜಗಳಕ್ಕೆ ನಿಲ್ಲುತ್ತಾನೆ. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ಪ್ರೀತಿಯಿಂದಲ್ಲ ಮತ್ತೆ! ಹೊಸಬ ಬಂದರೆ ಗಡಿ ತಕರಾರು ಮೊದಲಿಂದ ಶುರು. ಗೊತ್ತಿರುವ ಸಣಕಲ ನೆರೆಯವನೇ ವಾಸಿ ಅಂತ.

ಅರ್ಧ ಲೀಟರ್
ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಗಳಕ್ಕೆ ಇಂಥ ಒಬ್ಬರು ಬೇಕಿತ್ತು.

ಡೆಕ್ ಮೇಲೆ
ಹಡಗಿನಲ್ಲಿ ಕೆಲಸ ಮಾಡುತ್ತಿದ್ದೆ, ಈಗ ಮಂಗಳೂರಲ್ಲಿ ಆರಾಮ. ಒಮ್ಮೆ ಸ್ಪೇನಿನ ಕಾದಿಸ್ ಬಂದರಿನಲ್ಲಿ ನಾಲ್ಕು ದಿನ ನಿಂತಿದ್ದೆವು. ಅಲ್ಲಿ ಒಂದು ತಟ್ಟೆ ತುಂಬಾ ಬರೀ ಏಡಿ ಕೈ ಬೇಯಿಸಿ ತಂದಿಟ್ಟರು. ಬೋಕಾಸ್ ದೆ ಲಾ ಇಸ್ಲಾ ಅಂತ ಹೆಸರು. ಪಕ್ಕದ ಸಾನ್ ಫರ್ನಾಂದೋ ಊರಿನ ವಿಶೇಷವಂತೆ. ಏಡಿ ಎಲ್ಲಿ ಅಂತ ಕೇಳಿದೆ. ಬಡಿಸುವವನು ನಕ್ಕು ಕೈಸನ್ನೆ ಮಾಡಿದ. ಏಡಿ ಕೆಸರಿಗೆ ವಾಪಸ್, ಕೈ ಮಾತ್ರ ತಟ್ಟೆಗೆ! ಅದೂ ಪಿಟೀಲು ಏಡಿಯೇ. ಮತ್ತೆ ಬೆಳೆಯುತ್ತದಲ್ಲ ಅಂತ ಅವರ ಲೆಕ್ಕ. ರುಚಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಸೊಪ್ಪು ಸಾರು
ಕೈ ಕಿತ್ತು ಕೆಸರಿಗೆ ಎಸೆಯುವುದು ದಯೆನಾ? ಕೊಂದು ತಿನ್ನುವುದೇ ವಾಸಿ ಅನಿಸುತ್ತೆ. ನಾನು ಎರಡನ್ನೂ ಮಾಡುವವಳಲ್ಲ, ಆದರೂ.

ಡೆಕ್ ಮೇಲೆ
ಜೀವ ಉಳಿಯುತ್ತಲ್ಲಮ್ಮ. ತೆಂಗಿನಕಾಯಿ ಕೊಯ್ದ ಹಾಗೆ. ಮರ ಕಡಿಯುತ್ತೇವಾ?

ಕೆಸರು ಕಾಲು
ಡೆಕ್ ಮೇಲೆ ಅಣ್ಣಾ, ಕಾಯಿ ಹೋದರೆ ತೆಂಗಿನ ಮರಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಕೈ ಅಂದರೆ ಗಂಡಿನ ಸರ್ವಸ್ವ. ಹೆಣ್ಣು ಕರೆಯಲು ಅದೇ, ಬಿಲ ಕಾಯಲು ಅದೇ. ಯೂರೋಪಿನಲ್ಲಿ ಇರುವ ಪಿಟೀಲು ಏಡಿ ಇದೊಂದೇ ಜಾತಿ, ಆಫ್ರುಕಾ ತಂಜೇರಿ. ಪೋರ್ಚುಗಲ್‌ನ ದಕ್ಷಿಣ ಕರಾವಳಿಯಲ್ಲೂ ಹೀಗೆ ಕೈ ಕೀಳುತ್ತಿದ್ದರು. ಅದರಿಂದ ಏಡಿಗಳ ನಡವಳಿಕೆ ಹೇಗೆ ಬದಲಾಗುತ್ತದೆ ಅಂತ ಅಲ್ಲಿನ ಸಂಶೋಧಕರು 2000ದಲ್ಲಿ ಬರೆದಿದ್ದಾರೆ.

ಅಮೆರಿಕದ ಫ್ಲೋರಿಡಾದಲ್ಲಿ ಸ್ಟೋನ್ ಕ್ರ್ಯಾಬ್ ಅಂತ ಬೇರೆ ಏಡಿ. ಅಲ್ಲಿ ಕಾನೂನೇ ಹಾಗಿದೆ. ಏಡಿಯನ್ನು ದಡಕ್ಕೆ ತರುವ ಹಾಗಿಲ್ಲ, ಕೈ ಮಾತ್ರ. ಅಕ್ಟೋಬರ್ 15ರಿಂದ ಮೇ 1ರವರೆಗೆ. ಹಿಂದೆ ಅಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಒಂದು ಕೈ ತೆಗೆದ ಏಡಿಗಳಲ್ಲಿ ನೂರಕ್ಕೆ 28, ಎರಡೂ ತೆಗೆದವುಗಳಲ್ಲಿ ನೂರಕ್ಕೆ 47 ಸತ್ತವು. ಏಡಿ ತಾನೇ ಕಳಚಿಕೊಳ್ಳುವುದು ಬೇರೆ, ನಾವು ತಿರುಚಿ ಕೀಳುವುದು ಬೇರೆ. ಗೆರೆ ತಪ್ಪಿ ಮುರಿದರೆ ಪರದೆ ಮುಚ್ಚಿಕೊಳ್ಳುವುದಿಲ್ಲ, ರಕ್ತ ಸೋರುತ್ತದೆ.

ಡೆಕ್ ಮೇಲೆ
47 ಅಂದರೆ ಅರ್ಧದ ಹತ್ತಿರ ಆಯಿತಲ್ಲ. ಇದು ಗೊತ್ತಿರಲಿಲ್ಲ. ತೆಂಗಿನಕಾಯಿ ಮಾತು ವಾಪಸ್.

ಸೊಪ್ಪು ಸಾರು
ಬ್ರಿಟನ್ನಿನಲ್ಲಿ 2022ರ ಕಾನೂನಿನಲ್ಲಿ ಏಡಿ ಸಿಗಡಿಗಳನ್ನೂ ನೋವು ಗೊತ್ತಾಗುವ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದಾರೆ. ಅದಕ್ಕೇ ಕೇಳಿದ್ದು.

ಮರುವಾಯಿ ಪುಂಡಿ
ಸೊಪ್ಪಿಗೆ ನೋವಾಗುವುದಿಲ್ವಾ ಅಂತ ನಾನು ಕೇಳುವುದಿಲ್ಲ, ಆ ಚರ್ಚೆ ಹೋದ ವರ್ಷ 400 ಉತ್ತರ ಆಗಿತ್ತು.

ನಿರ್ವಾಹಕರು
ಕೇಳಿದ ಹಾಗೇ ಆಯಿತು. ದಯವಿಟ್ಟು ಏಡಿ ಕೈಗೆ ವಾಪಸ್ ಬನ್ನಿ. ಸುಕ್ಕ, ಸಾರು, ಅಹಿಂಸೆ, ಪಾರ್ಕಿಂಗ್ ಎಲ್ಲಕ್ಕೂ ಬೇರೆ ಬೇರೆ ವಿಭಾಗ ಇವೆ.

ಉಪ್ಪುನೀರು
ಕೈಗೇ ಬರುತ್ತೇನೆ. ಎಲ್ಲ ಏಡಿಗೂ ಸಾಯುವವರೆಗೆ ಕೈ ಬರುತ್ತಲೇ ಇರುತ್ತದಾ?

ಕೆಸರು ಕಾಲು
ಇಲ್ಲ. ಪೊರೆ ನಿಂತರೆ ಕೈಯೂ ನಿಂತಿತು. ಕೆಲವು ಜಾತಿಯ ಜೇಡ ಏಡಿಗಳು ಬೆಳೆದು ನಿಂತ ಮೇಲೆ ಕೊನೆಯ ಸಲ ಪೊರೆ ಬಿಡುತ್ತವೆ, ಅಲ್ಲಿಗೆ ಮುಗಿಯಿತು. ಆಮೇಲೆ ಹೋದ ಕಾಲು ಹೋಯಿತು.

ಗಜನಿ ಕಟ್ಟು
ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ದೀಪಾವಳಿಗೆ ಊರಿಗೆ ಹೋದಾಗ ಮತ್ತೆ ಅದೇ ಕಟ್ಟಿನ ಮೇಲೆ ಕೂತೆವು. ಅತ್ತ ಹೆಂಗಸರು ಬಳಚು ಚಿಪ್ಪು ಆರಿಸುತ್ತಿದ್ದರು, ಇತ್ತ ನಾವು ಏಡಿ ಎಣಿಸುತ್ತಿದ್ದೆವು. "ಏನು ಹುಡುಕ್ತೀರಿ, ಚಿನ್ನ ಬಿದ್ದಿದೆಯಾ?" ಅಂತ ಒಬ್ಬರು ಕೇಳಿದರು. ಏಡಿ ಕೈ ನೋಡುತ್ತಿದ್ದೇವೆ ಅಂದರೆ ನಂಬಲಿಲ್ಲ.

ಕೈಯಿಲ್ಲದವನು ಸಿಗಲಿಲ್ಲ. ಆದರೆ ಫೋನಿನಲ್ಲಿ ದೊಡ್ಡದು ಮಾಡಿ ಫೋಟೋ ತೆಗೆದು ನೋಡಿದಾಗ ಒಬ್ಬನ ಕೈ ಬೇರೆ ತರ ಕಂಡಿತು. ಪಕ್ಕದವನ ಕೈಯಲ್ಲಿ ಎರಡು ಬೆರಳ ನಡುವೆ ಸಣ್ಣ ಸಣ್ಣ ಉಬ್ಬು, ನಡುವೆ ಒಂದು ದೊಡ್ಡ ಹಲ್ಲು. ಇವನದು ಪೂರ್ತಿ ನುಣುಪು, ಬೆರಳು ಉದ್ದ, ಅಂಗೈ ಸಪೂರ. ಬೀಸುವುದರಲ್ಲಿ ಮಾತ್ರ ಏನೂ ಕಡಿಮೆಯಿಲ್ಲ. ಮಗಳು ಅವನಿಗೆ ಹೆಸರಿಟ್ಟಳು, "ಒಂದು ಗ್ರಾಂ" ಅಂತ. ಈ ಚರ್ಚೆ ಪೂರ್ತಿ ಅವಳಿಗೆ ಓದಿ ಹೇಳಿದ್ದು ನನ್ನದೇ ತಪ್ಪು.

ಸ್ವಲ್ಪ ಹೊತ್ತಿಗೆ ಬಿಲವಿಲ್ಲದ ಇನ್ನೊಬ್ಬ ಗಂಡು ಅಲೆಯುತ್ತಾ ಬಂದ. ಒಂದು ಗ್ರಾಂ ತನ್ನ ಬಿಲದ ಬಾಯಿಯಲ್ಲಿ ಅಡ್ಡ ನಿಂತು ಕೈ ಚಾಚಿದ. ಬಂದವನೂ ಚಾಚಿದ. ಎರಡು ಕೈಯ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ. ಮಗಳು ನನ್ನ ಅಂಗಿ ಹಿಡಿದುಕೊಂಡಳು. ಬಂದವನು ಹಾಗೇ ಸ್ವಲ್ಪ ಹೊತ್ತು ನಿಂತು, ಮುಟ್ಟದೆ, ಪಕ್ಕಕ್ಕೆ ಸರಿದು ಮುಂದೆ ಹೋದ.

ಅರ್ಧ ಲೀಟರ್
ಒಂದು ಗ್ರಾಂ ಅಭಿಮಾನಿಗಳ ಸಂಘ ಶುರು ಮಾಡಿ, ನಾನು ಸದಸ್ಯ.

ಲೆಕ್ಕದ ಪುಸ್ತಕ
ನೋಡಿ, ಮೋಸ ಅನ್ನಬೇಡಿ ಅಂತ ಮೊದಲೇ ಹೇಳಿದ್ದೆ. ಅದು ಧೈರ್ಯ.

ಕೆಸರು ಕಾಲು
ಧೈರ್ಯವೂ ಅಲ್ಲ, ಲೆಕ್ಕದ ಪುಸ್ತಕ ಅವರೇ! ಗಜನಿ ಕಟ್ಟು ಅವರೇ, ಬೀಸುತ್ತಿದ್ದದ್ದು ಬಲಗೈಯಾ ಎಡಗೈಯಾ?

ಗಜನಿ ಕಟ್ಟು
ಬಲಗೈ. ಮೊದಲು ನೋಡಿದವನದೂ ಬಲಗಡೆ ಗುಬುಟು. ಅವನೇ ಇರಬಹುದಾ?

ಕೆಸರು ಕಾಲು
ಒಂದು ತಿಂಗಳಲ್ಲಿ ಗುಬುಟಿನಿಂದ ಪೂರ್ತಿ ಕೈ ಆಗುವುದಿಲ್ಲ. ಬೇರೆಯವನು. ಆದರೆ ಮಗಳಿಗೆ ಈಗಲೇ ಹೇಳಬೇಡಿ.

ಗಜನಿ ಕಟ್ಟು
ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ.